ಊರಿನ ಹಳೆಯ ಕಟ್ಟಡಗಳ ಫೋಟೊ: ಚೆಂದಕ್ಕೋ, ದಾಖಲೆಗೋ?

ಪ್ರಶ್ನೆ: ನಮ್ಮೂರಿನಲ್ಲಿ ಹಳೆಯ ಮನೆಗಳು, ಒಂದು ಮಾರುಕಟ್ಟೆ ಕಟ್ಟಡ, ಶತಮಾನ ದಾಟಿದ ಶಾಲೆ, ಶಾಸನವಿರುವ ಬಾವಿಕಟ್ಟೆ ಇವೆ. ಒಂದೊಂದಾಗಿ ಬೀಳುತ್ತಿವೆ, ಇಲ್ಲವೇ ಬೀಳಿಸುತ್ತಿದ್ದಾರೆ. ಇವುಗಳ ಫೋಟೊ ತೆಗೆದಿಡಬೇಕೆಂದು ಹೊರಟಿದ್ದೇನೆ. ಮೊಬೈಲ್ ಇದೆ, ಹಳೆಯದೊಂದು ಡಿಎಸ್‌ಎಲ್‌ಆರ್ ಕ್ಯಾಮೆರಾ ಇದೆ. ಆದರೆ ಚಿತ್ರದಲ್ಲಿ ಕಟ್ಟಡಗಳು ಹಿಂದಕ್ಕೆ ವಾಲಿದಂತೆ ಕಾಣುತ್ತವೆ, ಕೆತ್ತನೆ ಸಪ್ಪೆಯಾಗುತ್ತದೆ, ಮನೆಯೊಳಗೆ ತೆಗೆದರೆ ಕೋಣೆ ಕತ್ತಲು, ಕಿಟಕಿ ಬರೀ ಬಿಳಿ. ಯಾವ ಲೆನ್ಸ್ ಕೊಳ್ಳಲಿ, ಯಾವ ಹೊತ್ತಿನಲ್ಲಿ ತೆಗೆಯಲಿ, ತೆಗೆದದ್ದನ್ನು ಏನು ಮಾಡಲಿ?

ಉತ್ತರ: ಕಟ್ಟಡಗಳು ಬೀಳುತ್ತಿವೆ ಎಂದ ಮೇಲೆ ನೀವು ಮಾಡಹೊರಟಿರುವುದು ದಾಖಲೆಯ ಕೆಲಸ. ಇದನ್ನು ಮೊದಲು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಚೆಂದದ ಚಿತ್ರಕ್ಕೂ ದಾಖಲೆಯ ಚಿತ್ರಕ್ಕೂ ಕ್ಯಾಮೆರಾ ಒಂದೇ ಆದರೂ ನಿಲ್ಲುವ ಜಾಗ ಬೇರೆ. ಚೆಂದಕ್ಕಾಗಿ ತೆಗೆಯುವವರು ವಿದ್ಯುತ್ ತಂತಿ, ಪಕ್ಕದ ಹೊಸ ಕಟ್ಟಡ, ಗೋಡೆಗೆ ಅಂಟಿಸಿದ ಭಿತ್ತಿಪತ್ರ ಎಲ್ಲವನ್ನೂ ಚೌಕಟ್ಟಿನಿಂದ ಹೊರಗಿಡುತ್ತಾರೆ. ದಾಖಲೆಗೆ ಅವೂ ಬೇಕು. ನಲವತ್ತು ವರ್ಷ ಕಳೆದ ಮೇಲೆ ಆ ಚಿತ್ರವನ್ನು ಕೈಗೆತ್ತಿಕೊಂಡವರು ಕಂಬದ ಕೆತ್ತನೆಗಿಂತ ಮೊದಲು ಅಂಗಡಿಯ ನಾಮಫಲಕವನ್ನು ಓದುತ್ತಾರೆ. ಹಾಗೆಂದು ದಾಖಲೆ ಕುರೂಪವಾಗಿರಬೇಕೆಂದೇನಿಲ್ಲ. ಊರಿನಲ್ಲೇ ಇರುವವರಿಗೆ ಬೆಳಕಿಗಾಗಿ ಕಾಯುವ ಅನುಕೂಲವಿದೆ. ಅರ್ಧ ದಿನಕ್ಕೆಂದು ಬಂದುಹೋಗುವ ಯಾವ ದೊಡ್ಡ ಛಾಯಾಗ್ರಾಹಕನಿಗೂ ಅದು ಸಿಗದು. ನಿಮ್ಮ ಬಂಡವಾಳ ಅದೇ, ಲೆನ್ಸ್ ಅಲ್ಲ.

ಈ ಕೆಲಸ ಕ್ಯಾಮೆರಾದಷ್ಟೇ ಹಳೆಯದು. ಇಂದು ಉಳಿದಿರುವ ಅತ್ಯಂತ ಹಳೆಯ ಕ್ಯಾಮೆರಾ ಚಿತ್ರವನ್ನು ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1826–27ರ ಹೊತ್ತಿಗೆ ತನ್ನದೇ ಮನೆಯ ಮಹಡಿ ಕಿಟಕಿಯಿಂದ ತೆಗೆದ. ಅದರಲ್ಲಿರುವುದು ಮನೆಯ ಮಾಡುಗಳು, ಗೋಡೆಗಳು, ಅಷ್ಟೆ. 1851ರಲ್ಲಿ ಅದೇ ದೇಶದ ಸ್ಮಾರಕ ಆಯೋಗ ಹಳೆಯ ಕಟ್ಟಡಗಳನ್ನು ದಾಖಲಿಸಲು ಐವರು ಛಾಯಾಗ್ರಾಹಕರನ್ನು ಊರೂರಿಗೆ ಕಳುಹಿಸಿತು. ಪ್ಯಾರಿಸ್ಸಿನ ಹಳೆಯ ಓಣಿಗಳನ್ನು ಕೆಡವಿ ಅಗಲ ರಸ್ತೆಗಳನ್ನು ಮಾಡುವಾಗ ನಗರಾಡಳಿತವೇ ಶಾರ್ಲ್ ಮಾರ್ವಿಲ್‌ನನ್ನು ನೇಮಿಸಿ ಆ ಓಣಿಗಳ ನಾನೂರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆಸಿತು. ಆದರೆ ನಿಮಗೆ ಹತ್ತಿರದವನು ಇವರೆಲ್ಲರ ನಂತರ ಬಂದ ಯೂಜೆನ್ ಅಟ್ಜೆ. 1927ರಲ್ಲಿ ತೀರಿಕೊಳ್ಳುವವರೆಗೂ ಮೂರು ದಶಕ ಅವನು ತಾನಿದ್ದ ನಗರವನ್ನೇ ತೆಗೆದ. ಭಾರದ ಮರದ ಕ್ಯಾಮೆರಾ, ಗಾಜಿನ ಪ್ಲೇಟುಗಳನ್ನು ಹೊತ್ತು ನಸುಕಿನಲ್ಲೇ ಹೊರಡುತ್ತಿದ್ದ. ಬಾಗಿಲು, ಬಾಗಿಲಿನ ಹಿಡಿ, ಮೆಟ್ಟಿಲಿನ ಕಟಕಟೆ, ಅಂಗಡಿಯ ಮುಂಗಟ್ಟು, ಒಳ ಅಂಗಳ ಇವೆಲ್ಲ ಅವನ ವಸ್ತು. ಪ್ರತಿ ಚಿತ್ರಕ್ಕೂ ಸಂಖ್ಯೆ, ಸ್ಥಳದ ಹೆಸರು. ಗ್ರಂಥಾಲಯಗಳಿಗೂ ವಸ್ತುಸಂಗ್ರಹಾಲಯಗಳಿಗೂ ದಾಖಲೆ ಎಂದೇ ಮಾರುತ್ತಿದ್ದ. ಅವು ಕಲೆ ಎಂದು ಲೋಕ ಒಪ್ಪಿದ್ದು ಆಮೇಲೆ.

ಕ್ಯಾಮೆರಾ ಹೊರತೆಗೆಯುವ ಮೊದಲು ಪಟ್ಟಿ ಮಾಡಿ. ಒಂದು ನೋಟ್‌ಬುಕ್, ಊರಿನ ನಕ್ಷೆ, ಮೊಬೈಲಿನ ದಿಕ್ಸೂಚಿ ಹಿಡಿದು ಬೀದಿ ಬೀದಿ ನಡೆಯಿರಿ. ಪ್ರತಿ ಕಟ್ಟಡದ ಮುಂಭಾಗ ಯಾವ ದಿಕ್ಕಿಗಿದೆ, ಎದುರಿಗೆ ಹಿಂದೆ ಸರಿಯಲು ಜಾಗವಿದೆಯೇ, ಏರಿ ನಿಲ್ಲಲು ಮಹಡಿಯಿದೆಯೇ, ಮರ ಅಡ್ಡವಿದ್ದರೆ ಅದು ಎಲೆ ಉದುರಿಸುವ ಜಾತಿಯೇ ಎಂದು ಬರೆದುಕೊಳ್ಳಿ. ಆಮೇಲೆ ಸರದಿ ಹಾಕಿ. ಸರದಿ ಹಾಕುವಾಗ ಹೆಚ್ಚಿನವರು ಎಡವುತ್ತಾರೆ; ಊರಿನ ಹೆಸರುವಾಸಿ ಸ್ಮಾರಕದಿಂದ ಶುರುಮಾಡುತ್ತಾರೆ. ಅದರ ಸಾವಿರ ಚಿತ್ರಗಳು ಈಗಾಗಲೇ ಇವೆ, ನಾಳೆಯೂ ಅದು ಅಲ್ಲೇ ಇರುತ್ತದೆ. ಮೊದಲು ಹೋಗಬೇಕಾದದ್ದು ಬೀಗ ಜಡಿದ ಮನೆಗೆ, ಪಾಲುಪಟ್ಟಿಯ ವ್ಯಾಜ್ಯದಲ್ಲಿ ಸಿಕ್ಕಿಕೊಂಡ ಮನೆಗೆ, ರಸ್ತೆ ಅಗಲಿಸಲು ಗೋಡೆಯ ಮೇಲೆ ಕೆಂಪು ಗುರುತು ಬಿದ್ದಿರುವ ಸಾಲಿಗೆ, ಒಂದು ಮೂಲೆಯಿಂದ ಮಾಡು ಸೋರಲು ಶುರುವಾದ ಕಟ್ಟಡಕ್ಕೆ. ಹೆಂಚು ಜಾರಿದ ಮೇಲೆ ಮಣ್ಣಿನ ಗೋಡೆ ಹೆಚ್ಚು ಮಳೆಗಾಲ ತಡೆಯುವುದಿಲ್ಲ.

ಪಟ್ಟಿಯಲ್ಲಿ ‘ಪರಂಪರೆ’ ಎನ್ನಿಸಿಕೊಳ್ಳದ ಕಟ್ಟಡಗಳಿಗೂ ಜಾಗ ಕೊಡಿ: ನೀರಿನ ಟ್ಯಾಂಕ್, ಮುಚ್ಚಿದ ಚಿತ್ರಮಂದಿರ, ಗಿರಣಿ, ಗೋದಾಮು, ಐವತ್ತು ಅರುವತ್ತು ವರ್ಷಗಳ ಹಿಂದಿನ ಕಾಂಕ್ರೀಟ್ ಕಚೇರಿ. ಜರ್ಮನಿಯ ದಂಪತಿ ಬರ್ನ್ಡ್ ಮತ್ತು ಹಿಲ್ಲಾ ಬೆಖರ್ 1959ರಿಂದ ದಶಕಗಳ ಕಾಲ ನೀರಿನ ಗೋಪುರ, ಕುಲುಮೆ, ಗಣಿಯ ಗಾಲಿಗೋಪುರಗಳಂಥ ಕಟ್ಟಡಗಳನ್ನೇ ತೆಗೆದರು. ಮೋಡ ಮುಸುಕಿದ ದಿನವೇ ಬೇಕು, ನೇರ ಎದುರಿನಿಂದಲೇ ಆಗಬೇಕು, ಸಾಧ್ಯವಾದಲ್ಲೆಲ್ಲ ಕಟ್ಟಡದ ಅರ್ಧ ಎತ್ತರಕ್ಕೆ ಏರಿ ನಿಲ್ಲಬೇಕು, ಎಲ್ಲ ಚಿತ್ರಗಳಲ್ಲೂ ವಸ್ತು ಒಂದೇ ಗಾತ್ರದಲ್ಲಿ ಕೂರಬೇಕು. ಈ ಹಟದಿಂದಾಗಿ ಒಂಬತ್ತು ನೀರಿನ ಗೋಪುರಗಳನ್ನು ಒಟ್ಟಿಗೆ ಜೋಡಿಸಿಟ್ಟಾಗ ಒಂದಕ್ಕೊಂದು ಎಲ್ಲಿ ಭಿನ್ನ ಎಂಬುದು ಕಣ್ಣಿಗೆ ಹೊಡೆಯುತ್ತದೆ. ನಿಮ್ಮ ಊರಿನ ಕಿಟಕಿಗಳನ್ನೋ ಬಾಗಿಲುವಾಡಗಳನ್ನೋ ಹೀಗೆ ಒಂದೇ ಅಳತೆಯಲ್ಲಿ, ಒಂದೇ ಬಗೆಯ ಬೆಳಕಿನಲ್ಲಿ ತೆಗೆದು ಜೋಡಿಸಿ ನೋಡಿ. ಯಾವ ಬಡಗಿಯ ಕೈ ಎಲ್ಲೆಲ್ಲಿ ಓಡಾಡಿದೆ ಎಂದು ಗುರುತಿಸಬಹುದು.

ಇನ್ನು ವಾಲುವ ಗೋಡೆಗಳು. ಕ್ಯಾಮೆರಾವನ್ನು ಮೇಲಕ್ಕೆ ಎತ್ತಿ ಹಿಡಿದದ್ದೇ ಇದಕ್ಕೆ ಕಾರಣ. ಕ್ಯಾಮೆರಾದೊಳಗೆ ಬೆಳಕನ್ನು ಹಿಡಿಯುವ ಸಂವೇದಕ (ಸೆನ್ಸರ್) ಗೋಡೆಗೆ ಸಮಾನಾಂತರವಾಗಿದ್ದರೆ ಗೋಡೆಯ ಲಂಬರೇಖೆಗಳು ಚಿತ್ರದಲ್ಲೂ ಲಂಬವಾಗಿಯೇ ಇರುತ್ತವೆ. ಕ್ಯಾಮೆರಾ ಹಿಂದಕ್ಕೆ ಬಾಗಿದ ಕೂಡಲೇ ರೇಖೆಗಳು ಮೇಲೆ ಒಂದನ್ನೊಂದು ಕೂಡಿಕೊಳ್ಳಲು ಹೊರಡುತ್ತವೆ. ಹಾಗಾದರೆ ಕ್ಯಾಮೆರಾವನ್ನು ನೆಟ್ಟಗೆ ಹಿಡಿದರೆ ಸಾಕೇ? ಸಾಕು, ಆದರೆ ಚಿತ್ರದ ಕೆಳಗಿನ ಅರ್ಧ ಬರೀ ರಸ್ತೆಯಾಗಿ, ಕಟ್ಟಡದ ತಲೆ ಕತ್ತರಿಸಿಹೋಗುತ್ತದೆ. ಇದಕ್ಕೆ ಹಿಂದೆ ಸರಿಯುವುದೇ ಒಳ್ಳೆಯ ಮದ್ದು. ಎದುರು ಮನೆಯ ಮಹಡಿ ಏರಲು ಸಿಕ್ಕರೆ ಇನ್ನೂ ಒಳ್ಳೆಯದು. ಎರಡೂ ಆಗದಿದ್ದರೆ ಮೊಬೈಲನ್ನು ಉದ್ದಕ್ಕೆ ನೆಟ್ಟಗೆ ಹಿಡಿದು ತೆಗೆದು, ಕೆಳಗಿನ ರಸ್ತೆಯ ಭಾಗವನ್ನು ಆಮೇಲೆ ಕತ್ತರಿಸಿ. ಲೆನ್ಸನ್ನು ಮಾತ್ರ ಮೇಲಕ್ಕೆ ಸರಿಸಿ ಕ್ಯಾಮೆರಾವನ್ನು ನೆಟ್ಟಗೇ ಇಡುವ ಶಿಫ್ಟ್ ಲೆನ್ಸ್‌ಗಳು 35 ಮಿ.ಮೀ. ಕ್ಯಾಮೆರಾಗಳಿಗೆ 1960ರ ದಶಕದ ಆರಂಭದಿಂದಲೂ ಸಿಗುತ್ತಿವೆ. ದುಬಾರಿ ವಸ್ತು. ಕಟ್ಟಡಗಳ ಫೋಟೊವೇ ಹೊಟ್ಟೆಪಾಡಾಗಿರುವವರಿಗೆ ಬೇಕು, ನಿಮಗೆ ಬೇಡ.

ತಂತ್ರಾಂಶದಲ್ಲಿ ನೆಟ್ಟಗೆ ಮಾಡಬಹುದಲ್ಲ ಎನ್ನುವಿರಿ. ಮಾಡಬಹುದು, ಅಲ್ಪಸ್ವಲ್ಪ ವಾಲಿದ್ದರೆ. ಅದಕ್ಕಾಗಿ ತೆಗೆಯುವಾಗಲೇ ಕಟ್ಟಡದ ಎರಡೂ ಬದಿಗೆ ಧಾರಾಳ ಜಾಗ ಬಿಟ್ಟಿರಬೇಕು, ಏಕೆಂದರೆ ನೆಟ್ಟಗೆ ಮಾಡುವಾಗ ಅಂಚುಗಳು ಕತ್ತರಿಸಿಹೋಗುತ್ತವೆ. ಕೆಳಗೆ ನಿಂತು ಕತ್ತೆತ್ತಿ ತೆಗೆದ ಗೋಪುರವನ್ನು ಪೂರ್ತಿ ನೆಟ್ಟಗೆ ಎಳೆದರೆ ಅದರ ತಲೆ ಊದಿಕೊಂಡು, ಮೇಲಿನ ವಿವರಗಳೆಲ್ಲ ಮಸುಕಾಗುತ್ತವೆ. ಅಂಥ ಕಡೆ ಸ್ವಲ್ಪ ವಾಲಿಕೊಂಡಿದ್ದರೂ ಇರಲಿ. ಮೊಬೈಲಿನ ಅತಿ ಅಗಲದ ಲೆನ್ಸನ್ನು ಮಾತ್ರ ಮುಂಭಾಗಗಳಿಗೆ ಬಳಸಬೇಡಿ. ಅದು ಚಿತ್ರದ ಮೂಲೆಗಳಲ್ಲಿರುವ ಆಕಾರಗಳನ್ನು ಎಳೆದು ಕೆಡಿಸುತ್ತದೆ. ಮುಖ್ಯ ಲೆನ್ಸ್‌ನಲ್ಲಿ, ಚೌಕುಳಿ ಗೆರೆಗಳನ್ನು ಪರದೆಯ ಮೇಲೆ ಹಾಕಿಕೊಂಡು, ಮುಂಭಾಗದ ನಟ್ಟನಡುವೆ ನಿಂತು ತೆಗೆಯಿರಿ. ನಡುವೆ ನಿಲ್ಲಲಾಗದಿದ್ದರೆ ಧೈರ್ಯವಾಗಿ ಮೂಲೆಗೇ ಹೋಗಿ ಎರಡು ಮುಖಗಳು ಕಾಣುವಂತೆ ತೆಗೆಯಿರಿ. ನಡುವಿನಿಂದ ಎರಡು ಹೆಜ್ಜೆ ಆಚೆ ನಿಂತ ಚಿತ್ರ ಎರಡೂ ಅಲ್ಲದ ತ್ರಿಶಂಕು.

ನಿಮ್ಮ ಸಪ್ಪೆ ಕೆತ್ತನೆಗೆ ಕಾರಣ ಬೆಳಕು. ನೇರ ಎದುರಿನಿಂದ ಬಿದ್ದ ಬಿಸಿಲಿನಲ್ಲಾಗಲಿ, ಕ್ಯಾಮೆರಾದ ಫ್ಲ್ಯಾಷ್‌ನಲ್ಲಾಗಲಿ ಕೆತ್ತನೆ ಇಸ್ತ್ರಿ ಹಾಕಿದ ಬಟ್ಟೆಯಂತೆ ಚಪ್ಪಟೆಯಾಗುತ್ತದೆ. ಉಬ್ಬು ಕಾಣಬೇಕಾದರೆ ಬೆಳಕು ಗೋಡೆಯನ್ನು ಸವರಿಕೊಂಡು ಹೋಗಬೇಕು. ಪೂರ್ವಕ್ಕೆ ಮುಖಮಾಡಿದ ಗೋಡೆಗೆ ಬೆಳಗಿನ ಬಿಸಿಲು ಎಂದು ಎಲ್ಲರೂ ಹೇಳುತ್ತಾರೆ. ಇಡೀ ಮುಂಭಾಗದ ಚಿತ್ರಕ್ಕೆ ಅದು ಸರಿ. ಆದರೆ ಅದೇ ಗೋಡೆಯ ಕೆತ್ತನೆಗೆ ಸೂರ್ಯ ನೆತ್ತಿಗೆ ಬರುವ ಸ್ವಲ್ಪ ಮೊದಲಿನ ಹೊತ್ತೇ ಮೇಲು. ಆಗ ಬೆಳಕು ಮೇಲಿನಿಂದ ಗೋಡೆಗುಂಟ ಇಳಿಯುತ್ತಿರುತ್ತದೆ, ಪ್ರತಿಯೊಂದು ಎಸಳಿನ ಕೆಳಗೂ ನೆರಳು ಕಟ್ಟುತ್ತದೆ. ಈ ಅವಧಿ ಬಹಳ ಸಣ್ಣದು. ಗೋಡೆ ಬಿಸಿಲಿನಿಂದ ನೆರಳಿಗೆ ಜಾರುವ ಕ್ಷಣ ಯಾವುದೆಂದು ಒಂದು ದಿನ ಸುಮ್ಮನೆ ನಿಂತು ನೋಡಿಕೊಂಡು, ಮರುದಿನ ಅದಕ್ಕಿಂತ ಅರ್ಧ ಗಂಟೆ ಮೊದಲು ಕ್ಯಾಮೆರಾ ನಿಲ್ಲಿಸಿ.

ಉತ್ತರಕ್ಕೆ ಮುಖಮಾಡಿದ ಕಟ್ಟಡ ಹಲವರಿಗೆ ತಲೆನೋವು. ಉತ್ತರ ಗೋಳಾರ್ಧದಲ್ಲಿ ವರ್ಷದ ಬಹುಪಾಲು ಅದು ನೆರಳಿನಲ್ಲೇ ಇರುತ್ತದೆ. ಆದರೆ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಮೂರನೆಯ ವಾರದವರೆಗೆ ಸೂರ್ಯ ಈಶಾನ್ಯದ ಕಡೆ ಹುಟ್ಟಿ ವಾಯವ್ಯದ ಕಡೆ ಮುಳುಗುತ್ತಾನೆ. ಆ ತಿಂಗಳುಗಳಲ್ಲಿ, ಅದರಲ್ಲೂ ಜೂನ್ 21ರ ಆಸುಪಾಸಿನಲ್ಲಿ, ಮುಂಜಾನೆ ಮತ್ತು ಇಳಿಸಂಜೆಯಲ್ಲಿ ಓರೆ ಬಿಸಿಲು ಆ ಗೋಡೆಯನ್ನು ಮುಟ್ಟುತ್ತದೆ. ಊರವರಾದ ನೀವು ಆ ವಾರಗಳಿಗಾಗಿ ಕಾಯಬಲ್ಲಿರಿ. ಕಾಯಲು ಪುರುಸೊತ್ತಿಲ್ಲದ, ನಾಳೆಯೇ ಬೀಳಲಿರುವ ಕಟ್ಟಡವಾದರೆ ಮೋಡ ಕವಿದ ದಿನ ತೆಗೆಯಿರಿ. ಮೋಡದ ಬೆಳಕನ್ನು ಮಂಕು ಎಂದು ಬೈಯುವವರಿದ್ದಾರೆ. ಬಣ್ಣ, ಬಿರುಕು, ಗಾರೆಯ ಪದರ, ಹೆಂಚಿನ ಜೋಡಣೆ ಇವನ್ನು ಒಂದೂ ಬಿಡದೆ ತೋರಿಸುವುದು ಅದೇ ಬೆಳಕು. ಮಳೆ ನಿಂತ ಮೇಲಿನ ಒಂದು ಗಂಟೆಯಂತೂ ಕಲ್ಲಿನ ನಿಜವಾದ ಬಣ್ಣ ನೋಡಲು ಹೇಳಿ ಮಾಡಿಸಿದ್ದು.

ಬಾವಿಕಟ್ಟೆಯ ಶಾಸನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ಉಜ್ಜುವುದು, ಎಣ್ಣೆ ಸವರುವುದು, ತಂತಿಬ್ರಷ್‌ನಿಂದ ತಿಕ್ಕುವುದು, ಇವನ್ನು ಯಾರು ಎಷ್ಟೇ ಅನುಭವಸ್ಥರಂತೆ ಹೇಳಿದರೂ ಮಾಡಬೇಡಿ. ಸುಣ್ಣದ ಪುಡಿ ಕಲ್ಲಿನ ರಂಧ್ರಗಳಲ್ಲಿ ಕೂತರೆ ಹೊರಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಉಜ್ಜಿದವರು ತಾವು ಓದಿಕೊಂಡ ಅಕ್ಷರವನ್ನು ಕಲ್ಲಿನ ಮೇಲೆ ಬರೆದಂತಾಗುತ್ತದೆ. ಇದಕ್ಕೆ ಬೇಕಾದದ್ದು ಒಂದು ಟಾರ್ಚ್, ಒಂದು ಟ್ರೈಪಾಡ್ ಮತ್ತು ಮುಸ್ಸಂಜೆ. ಕ್ಯಾಮೆರಾವನ್ನು ಕಲ್ಲಿಗೆ ನೇರ ಎದುರಾಗಿ ನಿಲ್ಲಿಸಿ, ಫೋಕಸ್ ಮಾಡಿ, ಆಮೇಲೆ ಅದನ್ನು ಮುಟ್ಟಬೇಡಿ. ಟಾರ್ಚನ್ನು ಕಲ್ಲಿನ ಎಡಬದಿಗೆ ಒಯ್ದು, ಮೇಲ್ಮೈಗೆ ಹದಿನೈದು ಇಪ್ಪತ್ತು ಡಿಗ್ರಿಯಷ್ಟೇ ಓರೆಯಾಗಿ ಬೆಳಕು ಬೀಳುವಂತೆ ಹಿಡಿಯಿರಿ. ಕಣ್ಣಿಗೆ ಖಾಲಿ ಕಲ್ಲಿನಂತೆ ಕಂಡಿದ್ದಲ್ಲಿ ಸಾಲುಗಳು ಮೂಡುತ್ತವೆ. ಒಂದು ಚಿತ್ರ ತೆಗೆದು ಟಾರ್ಚನ್ನು ಮೇಲೆಡೆಗೆ, ಬಲಕ್ಕೆ, ಕೆಳಕ್ಕೆ, ನಡುವಿನ ಮೂಲೆಗಳಿಗೆ ಹೀಗೆ ಸುತ್ತಲೂ ಎಂಟು ಕಡೆ ಇಟ್ಟು ಎಂಟು ಚಿತ್ರ ತೆಗೆಯಿರಿ. ಎಡದಿಂದ ಬಂದ ಬೆಳಕಿನಲ್ಲಿ ಅಕ್ಷರಗಳ ನಿಂತ ಗೆರೆಗಳು ಕಂಡರೆ, ಮೇಲಿನ ಬೆಳಕಿನಲ್ಲಿ ಮಲಗಿದ ಗೆರೆಗಳು ಕಾಣುತ್ತವೆ. ಒಂದೇ ಚಿತ್ರ ನೋಡಿ ಓದಿದವರು ಹಲವು ಅಕ್ಷರಗಳನ್ನು ತಪ್ಪು ಓದುವುದು ಇದರಿಂದಲೇ. ಈ ಉಪಾಯವನ್ನೇ ಗಣಕಯಂತ್ರಕ್ಕೆ ಕಲಿಸಿ, ಹತ್ತಾರು ದಿಕ್ಕಿನ ಬೆಳಕಿನ ಚಿತ್ರಗಳಿಂದ ಮೇಲ್ಮೈಯ ಏರಿಳಿತವನ್ನು ಕಟ್ಟಿಕೊಡುವ ವಿಧಾನವನ್ನು 2001ರಲ್ಲಿ ಟಾಮ್ ಮಾಲ್ಜ್‌ಬೆಂಡರ್ ಮತ್ತು ಜೊತೆಗಾರರು ಪ್ರಕಟಿಸಿದರು. ಇಂದು ಶಾಸನತಜ್ಞರೂ ನಾಣ್ಯತಜ್ಞರೂ ಅದನ್ನು ಬಳಸುತ್ತಾರೆ. ನಿಮ್ಮ ಎಂಟು ಚಿತ್ರಗಳು ಅವರಂಥವರ ಕೈಗೆ ಸಿಕ್ಕರೆ ಉಪಯೋಗಕ್ಕೆ ಬರುತ್ತವೆ. ಅಂದಹಾಗೆ, ಕಲ್ಲಿನ ಪಕ್ಕ ಒಂದು ಅಳತೆಪಟ್ಟಿ ಇಟ್ಟು ತೆಗೆದ ಚಿತ್ರವೂ ಇರಲಿ, ಇಡದೆ ತೆಗೆದದ್ದೂ ಇರಲಿ.

ಒಳಾಂಗಣದ ತೊಂದರೆಗೆ ಪರಿಹಾರ ಸುಲಭ. ಕಿಟಕಿಯ ಹೊರಗಿನ ಬೆಳಕಿಗೂ ಕೋಣೆಯ ಬೆಳಕಿಗೂ ಅಂತರ ಹೆಚ್ಚಿದಾಗ ಯಾವ ಕ್ಯಾಮೆರಾವೂ ಎರಡನ್ನೂ ಹಿಡಿಯಲಾರದು. ಟ್ರೈಪಾಡ್ ಮೇಲಿಟ್ಟು ಸರಿಯಾದ ಬೆಳಕಿನದೊಂದು, ಎರಡು ಸ್ಟಾಪ್ ಕಡಿಮೆಯದೊಂದು, ಎರಡು ಸ್ಟಾಪ್ ಹೆಚ್ಚಿನದೊಂದು ಚಿತ್ರ ತೆಗೆದು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ) ಆಮೇಲೆ ಕೂಡಿಸಬಹುದು. ಕೂಡಿಸುವಾಗ ಕೈ ಬಿಗಿ ಇರಲಿ. ನೆರಳೇ ಇಲ್ಲದಂತೆ ಎಲ್ಲವನ್ನೂ ಬೆಳಗಿಸಿದ ಕೋಣೆ ಸುಳ್ಳು ಕೋಣೆ. ತಗ್ಗು ಮಾಡಿನ ಮನೆ ಕತ್ತಲಾಗಿರುತ್ತಿತ್ತು ಎಂಬುದೂ ದಾಖಲೆಯ ಭಾಗ. ಇನ್ನೂ ಸರಳವಾದ ದಾರಿಯೆಂದರೆ ಸೂರ್ಯ ಮುಳುಗಿದ ಮೇಲಿನ ಕೆಲವು ನಿಮಿಷ ಕಾಯುವುದು. ಹೊರಗಿನ ಬೆಳಕು ತಗ್ಗಿ ಒಳಗಿನದಕ್ಕೆ ಸಮನಾಗುವ ಒಂದು ಗಳಿಗೆ ಬರುತ್ತದೆ. ಟ್ಯೂಬ್‌ಲೈಟ್, ಹಳದಿ ಬಲ್ಬ್, ಹಗಲು ಬೆಳಕು ಮೂರನ್ನೂ ಬೆರೆಸಬೇಡಿ. ಮೂರಕ್ಕೂ ಮೂರು ಬಣ್ಣ, ಗೋಡೆಯ ನಿಜವಾದ ಬಣ್ಣ ಯಾವುದೆಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ.

ಲೆನ್ಸ್‌ಗೆ ಇಟ್ಟ ಹಣದಲ್ಲಿ ಗಟ್ಟಿಮುಟ್ಟಾದ ಟ್ರೈಪಾಡ್ ಕೊಳ್ಳಿ. ಅದಿದ್ದರೆ ಹಳೆಯ ಡಿಎಸ್‌ಎಲ್‌ಆರ್ ಕೂಡ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8, ಎರಡು ಸೆಕೆಂಡಿನ ಟೈಮರ್ ಇಟ್ಟು ಚೊಕ್ಕ ವಿವರ ತೆಗೆದುಕೊಡುತ್ತದೆ. ಕಿಂಡಿಯನ್ನು ಎಫ್ 16ಕ್ಕಿಂತ ಕಿರಿದು ಮಾಡಿದರೆ ಹೆಚ್ಚು ಸ್ಪಷ್ಟವಾದೀತೆಂದು ತಿಳಿಯಬೇಡಿ, ಅಲ್ಲಿಂದ ಮುಂದೆ ಬೆಳಕಿನ ವಿವರ್ತನೆಯಿಂದ, ಎಂದರೆ ಸಣ್ಣ ಕಿಂಡಿ ದಾಟಿದ ಬೆಳಕು ಹರಡುವುದರಿಂದ, ಚಿತ್ರ ಮೆತ್ತಗಾಗುತ್ತದೆ. ಕ್ಯಾಮೆರಾ ಹಿಡಿದದ್ದನ್ನು ತಿದ್ದದೆ ಇಡುವ ರಾ (RAW) ಕಡತವನ್ನೂ ಉಳಿಸಿಕೊಳ್ಳಿ. ಮೊಬೈಲಿನಲ್ಲಾದರೆ ಆಕಾಶವನ್ನು ತಾನಾಗಿ ನೀಲಿ ಮಾಡುವ, ಗೋಡೆಯನ್ನು ನುಣುಪು ಮಾಡುವ ಸೌಕರ್ಯಗಳನ್ನೆಲ್ಲ ಮೊದಲು ಆಫ್ ಮಾಡಿ. ಆಮೇಲೆ ಲೆನ್ಸ್ ಒರೆಸಿ. ಮಸುಕು ಚಿತ್ರಗಳಲ್ಲಿ ಎಷ್ಟಕ್ಕೋ ಜೇಬಿನ ಜಿಡ್ಡೇ ಕಾರಣ.

ಒಂದು ಕಟ್ಟಡಕ್ಕೆ ಎಷ್ಟು ಚಿತ್ರ ಎಂದರೆ: ದೂರದಿಂದ, ಸುತ್ತಲಿನ ಬೀದಿಯೊಂದಿಗೆ, ನಾಲ್ಕೂ ಮುಖ, ಸಾಧ್ಯವಿದ್ದಷ್ಟು, ಮೂಲೆಯಿಂದ, ಬಾಗಿಲು, ಒಳಗೆ ಪ್ರತಿ ಕೋಣೆಯ ಎದುರುಬದುರು ಮೂಲೆಗಳಿಂದ, ಮಾಡಿನ ಒಳಮೈ. ಆಮೇಲೆ ಹತ್ತಿರ ಹೋಗಿ. ಹೆಚ್ಚಿನವರು ಕಂಬದ ಕೆತ್ತನೆ ತೆಗೆದು ಹಿಂದಿರುಗುತ್ತಾರೆ, ಕಂಬ ತೊಲೆಯನ್ನು ಹೇಗೆ ಹೊತ್ತಿದೆ ಎಂದು ತೆಗೆಯುವುದಿಲ್ಲ. ಕಂಬದ ತಲೆಯ ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ ಕೂರುವ ಆ ಒಂದು ಗೇಣು ಜಾಗದಲ್ಲಿ ಕಟ್ಟಿದವರ ಬುದ್ಧಿಯೆಲ್ಲ ಇದೆ. ಮೊಳೆ ಹೊಡೆದಿದ್ದಾರೋ, ಮರದ ಗೂಟ ಜಡಿದಿದ್ದಾರೋ, ಬರೀ ಕಚ್ಚು ಮಾಡಿ ಕೂರಿಸಿದ್ದಾರೋ ಎಂಬುದು ಕಾಣುವಂತೆ ಕೆಳಗಿನಿಂದ, ಪಕ್ಕದಿಂದ ಎರಡು ಚಿತ್ರ ಬೇಕು. ಗಾರೆ ಉದುರಿದ ಕಡೆಯೂ ಹೀಗೆಯೇ. ಒಳಗೆ ಇಟ್ಟಿಗೆಯೋ, ಹಸಿಮಣ್ಣೋ, ಕಲ್ಲೋ ಎಂದು ತೋರಿಸಿಕೊಡುವ ಗಾಯ ಅದು. ಚೆಂದ ಕೆಡಿಸುತ್ತದೆಂದು ಅದನ್ನು ಬಿಟ್ಟು ಬರಬೇಡಿ. ಅಗುಳಿ, ಚಿಲಕ, ನೀರು ಹೊರಹಾಕುವ ದೋಣಿ, ಹೆಂಚಿನ ಹಿಂಬದಿಯ ಕಾರ್ಖಾನೆ ಮುದ್ರೆ ಇವೆಲ್ಲ ಕಟ್ಟಡದ ಕಾಲವನ್ನು ಹೇಳುವ ಸಾಕ್ಷಿಗಳು.

ಜನರು ಚಿತ್ರದಲ್ಲಿರಬೇಕೇ ಎಂಬ ಬಗ್ಗೆ ಕಟ್ಟಡ ತೆಗೆಯುವವರಲ್ಲಿ ಎರಡು ಪಕ್ಷಗಳಿವೆ. 1838ರಲ್ಲಿ ಡಾಗೇರ್ ಪ್ಯಾರಿಸ್ಸಿನ ಗಿಜಿಗುಡುವ ಬೀದಿಯನ್ನು ತೆಗೆದಾಗ ಬೆಳಕಿಗೆ ಒಡ್ಡಿದ ಅವಧಿ ದೀರ್ಘವಾಗಿದ್ದರಿಂದ ಓಡಾಡುವವರೆಲ್ಲ ಮಾಯವಾಗಿ, ಬೂಟು ಹೊಳಪು ಮಾಡಿಸಿಕೊಳ್ಳುತ್ತ ನಿಂತ ಒಬ್ಬ ಮತ್ತು ಅವನ ಬಳಿಯ ಆಕೃತಿ ಮಾತ್ರ ಉಳಿದರು. ಇಂದು ನೀವೂ ಟ್ರೈಪಾಡ್ ಮೇಲಿಟ್ಟು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಹತ್ತು ಹದಿನೈದು ಚಿತ್ರ ತೆಗೆದು, ತಂತ್ರಾಂಶದಲ್ಲಿ ಅವುಗಳ ಮಧ್ಯಾಂಕ (ಮೀಡಿಯನ್, ಪ್ರತಿ ಬಿಂದುವಿಗೂ ನಟ್ಟನಡುವಿನ ಬೆಲೆ) ಹಿಡಿದರೆ ವಾಹನ, ಜನ ಎಲ್ಲ ಅಳಿದುಹೋಗುತ್ತಾರೆ. ಮುಂಭಾಗದ ಒಂದು ಚಿತ್ರಕ್ಕೆ ಹಾಗೆ ಮಾಡಿ. ಉಳಿದವುಗಳಲ್ಲಿ ಜನ ಇರಲಿ ಎಂಬುದು ನನ್ನ ಪಕ್ಷ. ಮನುಷ್ಯನಿಗಿಂತ ಒಳ್ಳೆಯ ಅಳತೆಗೋಲಿಲ್ಲ. ಬಾಗಿಲಲ್ಲಿ ತಲೆ ಬಗ್ಗಿಸಿ ಹೊರಬರುವವರೊಬ್ಬರನ್ನು ನೋಡಿದರೆ ಬಾಗಿಲಿನ ಎತ್ತರ ಎಷ್ಟೆಂದು ಬರೆಯಬೇಕಾಗಿಲ್ಲ. ಮುಖ ಗುರುತು ಸಿಗುವಂತಿದ್ದರೆ ಕೇಳಿ ತೆಗೆಯಿರಿ.

ಊರವರ ಮನೆಗಳಲ್ಲಿ ಹಳೆಯ ಫೋಟೊಗಳಿದ್ದರೆ ಇನ್ನೊಂದು ಕೆಲಸ ಮಾಡಬಹುದು: ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯುವುದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದ ಹಂಪಿಯ ಚಿತ್ರಗಳನ್ನು ಹಿಡಿದು, ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಸುಮಾರು ಒಂದೂಕಾಲು ಶತಮಾನದ ಬಳಿಕ ಅದೇ ತಾಣಗಳಿಂದ ಮತ್ತೆ ತೆಗೆದರು. ಜೋಡಿಯಾಗಿ ಇಟ್ಟು ನೋಡಿದರೆ ಯಾವ ಕಲ್ಲು ಬಿದ್ದಿದೆ, ಯಾವುದನ್ನು ಮರಳಿ ನಿಲ್ಲಿಸಿದ್ದಾರೆ ಎಂಬುದು ತಾನೇ ಹೇಳಿಕೊಳ್ಳುತ್ತದೆ. ಹಳೆಯ ಛಾಯಾಗ್ರಾಹಕ ನಿಂತ ಜಾಗ ಹುಡುಕಲು ಒಂದು ಕ್ರಮವಿದೆ. ಹಳೆಯ ಚಿತ್ರದಲ್ಲಿ ಹತ್ತಿರದ ಒಂದು ವಸ್ತುವಿನ ಅಂಚು ದೂರದ ಯಾವುದರ ಮೇಲೆ ಬಂದು ಕೂತಿದೆ ನೋಡಿ. ಕಂಬದ ಎಡ ಅಂಚಿಗೆ ಹಿಂದಿನ ಗೋಪುರದ ತುದಿ ತಾಕಿದೆ ಎಂದುಕೊಳ್ಳಿ. ನೀವು ಎಡಬಲಕ್ಕೆ ಸರಿಯುತ್ತಾ ಹೋದರೆ ಅವೆರಡೂ ಮತ್ತೆ ತಾಕುವ ಒಂದು ಗೆರೆ ಸಿಗುತ್ತದೆ. ಇಂಥದೇ ಇನ್ನೊಂದು ಜೋಡಿ ಹುಡುಕಿ ಎರಡನೆಯ ಗೆರೆ ಹಿಡಿಯಿರಿ. ಎರಡೂ ಗೆರೆಗಳು ಕೂಡುವಲ್ಲಿ ಆತ ನಿಂತಿದ್ದ. ಜೂಮ್ ಮಾಡಿ ಹೊಂದಿಸಲು ಹೋಗಬೇಡಿ, ವಸ್ತುಗಳ ಪರಸ್ಪರ ಸ್ಥಾನ ನಿರ್ಧಾರವಾಗುವುದು ನಿಂತ ಜಾಗದಿಂದಲೇ ಹೊರತು ಲೆನ್ಸಿನಿಂದಲ್ಲ. ನೆರಳಿನ ದಿಕ್ಕು ನೋಡಿ ಹೊತ್ತನ್ನೂ ಹೊಂದಿಸಿದರೆ ಕೆಲಸ ಪೂರ್ತಿಯಾಯಿತು.

ಫೋಟೊದಿಂದ ಅಳತೆಯನ್ನೂ ತೆಗೆಯಬಹುದು. 1858ರಲ್ಲಿ ಜರ್ಮನಿಯ ವೆಟ್ಸ್ಲರ್ ಚರ್ಚಿನ ಮುಂಭಾಗವನ್ನು ಅಳೆಯುತ್ತಿದ್ದ ಆಲ್ಬ್ರೆಕ್ಟ್ ಮೈಡೆನ್‌ಬವರ್ ಎತ್ತರದಿಂದ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು. ಹತ್ತಿ ಅಳೆಯುವ ಬದಲು ಚಿತ್ರದ ಮೇಲೆಯೇ ಅಳೆದರೇನು ಎಂಬ ಯೋಚನೆ ಅವನಿಗೆ ಹೊಳೆದದ್ದು ಆಗ. ಕಟ್ಟಡಗಳನ್ನು ಚಿತ್ರದಿಂದ ಅಳೆಯುವ ಫೋಟೊಗ್ರಾಮೆಟ್ರಿ ಬೆಳೆದದ್ದು ಅಲ್ಲಿಂದ. 2001ರಲ್ಲಿ ಅಫ್ಘಾನಿಸ್ತಾನದ ಬಾಮಿಯಾನದ ಬುದ್ಧರ ಬೃಹತ್ ಶಿಲ್ಪಗಳನ್ನು ಸ್ಫೋಟಿಸಿದ ಮೇಲೆ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು ದೊಡ್ಡ ಬುದ್ಧನ ಗಣಕ ಮಾದರಿ ಕಟ್ಟಿದರು. ಅಂತರ್ಜಾಲದಲ್ಲಿ ಸಿಕ್ಕ ಪ್ರವಾಸಿಗರ ಚಿತ್ರಗಳಿಂದಲೂ ಪ್ರಯತ್ನಿಸಿದರು, ಆದರೆ ನೆಚ್ಚಿಕೊಳ್ಳಬಹುದಾದ ಮಾದರಿ ಬಂದದ್ದು 1970ರಲ್ಲಿ ರಾಬರ್ಟ್ ಕೋಸ್ಟ್ಕಾ ಅಳತೆಗೆಂದೇ ತೆಗೆದಿದ್ದ ಕೆಲವೇ ಚಿತ್ರಗಳಿಂದ. ನೀವು ಮಾಡಬೇಕಾದದ್ದು ಇಷ್ಟು: ಗೋಡೆಗೆ ಸಮಾನಾಂತರವಾಗಿ ಒಂದೊಂದೇ ಹೆಜ್ಜೆ ಪಕ್ಕಕ್ಕೆ ಸರಿಯುತ್ತ, ಪ್ರತಿ ಚಿತ್ರವೂ ಹಿಂದಿನದರ ಮೂರರಲ್ಲಿ ಎರಡು ಭಾಗವನ್ನಾದರೂ ಒಳಗೊಳ್ಳುವಂತೆ ತೆಗೆಯಿರಿ. ನಿಂತಲ್ಲೇ ತಿರುಗಿ ತೆಗೆದರೆ ಪ್ರಯೋಜನವಿಲ್ಲ. ನಡುವೆ ಜೂಮ್ ಬದಲಿಸಬೇಡಿ. ಎರಡು ಬಿಂದುಗಳ ನಡುವಿನ ದೂರವನ್ನು ಟೇಪಿನಲ್ಲಿ ಅಳೆದು ಬರೆದಿಡಿ. ಇಂದು ಅದರಿಂದ ಮಾದರಿ ಮಾಡಲು ಬಾರದಿದ್ದರೂ ಚಿಂತೆಯಿಲ್ಲ, ಚಿತ್ರಗಳಿದ್ದರೆ ಮುಂದೆ ಬೇರೆ ಯಾರಾದರೂ ಮಾಡುತ್ತಾರೆ.

ಅನುಮತಿಯ ವಿಷಯದಲ್ಲಿ ದೇಶ ದೇಶಕ್ಕೂ ಕಾನೂನು ಬೇರೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್ ಕಟ್ಟಡದ ಫೋಟೊ ತೆಗೆದು ಪ್ರಕಟಿಸುವುದನ್ನು ಹಕ್ಕುಸ್ವಾಮ್ಯದ ಉಲ್ಲಂಘನೆ ಎಂದು ಎಣಿಸುವುದಿಲ್ಲ. ಫ್ರಾನ್ಸಿನಲ್ಲಿ 2016ರಿಂದ ಈ ಸ್ವಾತಂತ್ರ್ಯ ಇದೆಯಾದರೂ ವಾಣಿಜ್ಯ ಬಳಕೆಗೆ ಇಲ್ಲ. ಹಕ್ಕುಸ್ವಾಮ್ಯ ಒಂದು, ಒಳಗೆ ಬರಲು ಅಪ್ಪಣೆ ಇನ್ನೊಂದು. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಪ್ರತ್ಯೇಕ ಅನುಮತಿ ಕೇಳುವುದುಂಟು, ಡ್ರೋನ್‌ಗಂತೂ ಕೇಳಿಯೇ ಕೇಳುತ್ತಾರೆ. ಖಾಸಗಿ ಮನೆಗೆ ಮೊದಲ ದಿನ ಕ್ಯಾಮೆರಾ ಇಲ್ಲದೆ ಹೋಗಿ, ಮಾತನಾಡಿ ಬನ್ನಿ. ತೆಗೆದ ಮೇಲೆ ಒಂದು ಪ್ರತಿ ಮುದ್ರಿಸಿ ಕೊಡಿ. ಪಕ್ಕದ ಮನೆಯ ಬಾಗಿಲೂ ತೆರೆಯುತ್ತದೆ. ಒಂದು ಎಚ್ಚರಿಕೆ: ಕಾವಲಿಲ್ಲದ ಪಾಳುಗುಡಿಯ ಬಿಡಿ ಶಿಲ್ಪ, ವಿಗ್ರಹ, ಸಾಗಿಸಬಹುದಾದ ಕೆತ್ತನೆಗಳ ಚಿತ್ರವನ್ನು ಸ್ಥಳದ ಗುರುತಿನೊಂದಿಗೆ ಅಂತರ್ಜಾಲಕ್ಕೆ ಹಾಕಬೇಡಿ. ಕಳ್ಳರಿಗೆ ಅದು ದಾರಿ ತೋರಿಸಿದಂತೆ. ದಾಖಲೆಯ ಮೂಲಪ್ರತಿಯಲ್ಲಿ ಗುರುತು ಇರಲಿ, ಹಂಚುವ ಪ್ರತಿಯಲ್ಲಿ ಅಳಿಸಿ.

ಟಿಪ್ಪಣಿಯಿಲ್ಲದ ಚಿತ್ರ ದಾಖಲೆಯಾಗುವುದಿಲ್ಲ. ಕಟ್ಟಡದ ಹೆಸರು, ಊರವರು ಕರೆಯುವ ಹೆಸರು, ಬೀದಿ, ದಿನಾಂಕ, ಕ್ಯಾಮೆರಾ ನೋಡುತ್ತಿದ್ದ ದಿಕ್ಕು, ಹೇಳಿದವರು ಯಾರು ಇವನ್ನು ಅಂದೇ ಸಂಜೆ ಬರೆಯಿರಿ. ಕಡತದ ಹೆಸರಲ್ಲಿ ದಿನಾಂಕ, ಕಟ್ಟಡ, ದಿಕ್ಕು ಇರಲಿ. ವಿವರಣೆಯನ್ನು ಚಿತ್ರದ ಕಡತದೊಳಗೇ ಸೇರಿಸುವ ಐಪಿಟಿಸಿ ಎಂಬ ವ್ಯವಸ್ಥೆಯಿದೆ, ಬಹುತೇಕ ಎಲ್ಲ ಫೋಟೊ ತಂತ್ರಾಂಶಗಳಲ್ಲೂ ಸಿಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಾಗಿ ಕಳುಹಿಸಿದ ಚಿತ್ರ ಕುಗ್ಗುತ್ತದೆ, ಒಳಗಿನ ವಿವರಗಳೂ ಅಳಿಸಿಹೋಗುತ್ತವೆ. ಅಮೆರಿಕದಲ್ಲಿ 1933ರಲ್ಲಿ, ಕೆಲಸವಿಲ್ಲದೆ ಕುಳಿತಿದ್ದ ವಾಸ್ತುಶಿಲ್ಪಿಗಳಿಂದ ಹಳೆಯ ಕಟ್ಟಡಗಳ ನಕ್ಷೆ ಮತ್ತು ಚಿತ್ರ ಮಾಡಿಸುವ ಯೋಜನೆ ಶುರುವಾಯಿತು. ಆ ಸಂಗ್ರಹ ಇಂದಿಗೂ ಬಳಕೆಯಲ್ಲಿರಲು ಮುಖ್ಯ ಕಾರಣ ಚಿತ್ರ, ನಕ್ಷೆ, ಬರೆದ ಇತಿಹಾಸ ಮೂರೂ ಒಂದೇ ಕಟ್ಟಿನಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಎಲ್ಲರಿಗೂ ಸಿಗುವಂತೆ ಇರುವುದು.

ಪ್ರತಿಗಳು ಮೂರಿರಲಿ, ಎರಡು ಬೇರೆ ಬೇರೆ ಬಗೆಯ ಮಾಧ್ಯಮದಲ್ಲಿ, ಅದರಲ್ಲೊಂದು ಬೇರೆ ಕಟ್ಟಡದಲ್ಲಿ. ಹಂಚಲು ಮನಸ್ಸಿದ್ದರೆ ಯಾರು ಬೇಕಾದರೂ ಚಿತ್ರ ಸೇರಿಸಬಹುದಾದ ಅಂತರ್ಜಾಲ ಸಂಗ್ರಹ ವಿಕಿಮೀಡಿಯಾ ಕಾಮನ್ಸ್ ಇದೆ. 2010ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಶುರುವಾದ ವಿಕಿ ಲವ್ಸ್ ಮಾನ್ಯುಮೆಂಟ್ಸ್ ಸ್ಪರ್ಧೆಯ ಮೂಲಕ ಹಲವು ದೇಶಗಳ ಊರವರು ತಮ್ಮೂರಿನ ಸ್ಮಾರಕಗಳನ್ನು ಅಲ್ಲಿ ಸೇರಿಸುತ್ತಿದ್ದಾರೆ. ಅಲ್ಲಿ ಹಾಕಿದ ಚಿತ್ರವನ್ನು ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ, ಮಾರಾಟಕ್ಕೂ, ಬಳಸಬಹುದು. ಒಪ್ಪಿಗೆಯಿದ್ದರೆ ಮಾತ್ರ ಹಾಕಿ. ಅಂತರ್ಜಾಲ ಇದೆಯೆಂದು ಕಾಗದವನ್ನು ಕಡೆಗಣಿಸಬೇಡಿ. ಪ್ರತಿ ಕಟ್ಟಡಕ್ಕೆ ನಾಲ್ಕೈದು ಚಿತ್ರ ಮುದ್ರಿಸಿ, ಹಿಂದೆ ಪೆನ್ಸಿಲಿನಲ್ಲಿ ವಿವರ ಬರೆದು ಊರಿನ ಗ್ರಂಥಾಲಯಕ್ಕೋ ಶಾಲೆಗೋ ಒಂದು ಕಟ್ಟು ಕೊಡಿ. ಹಾರ್ಡ್ ಡಿಸ್ಕ್‌ಗಳು ಹೇಳದೆ ಕೇಳದೆ ಕೆಡುತ್ತವೆ, ವರ್ಷಕ್ಕೊಮ್ಮೆ ಎಲ್ಲ ಪ್ರತಿಗಳನ್ನೂ ತೆರೆದು ನೋಡಿ.